ಅತ್ತೆ ಠಾಣೆಗೆ ಹೊರಟರು

ನಮ್ಮ ಸೋದರತ್ತೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದ ವಾರವೇ ಇರಲಿಲ್ಲ. ಗಾಬರಿಯಾಗಬೇಡಿ, ಕೋಳ ಹಾಕಿಸಿಕೊಂಡಲ್ಲ! ಊರಿನವರಿಗೆಲ್ಲ ಕೋಳ ಹಾಕಿಸುವುದಕ್ಕೆ.

ಮೈಸೂರಿನಲ್ಲಿ ಹುಟ್ಟಿ, ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದ ಮಾವನ ಹಿಂದೆ ತಿರುವನಂತಪುರಕ್ಕೆ ಬಂದವರು. ಮಾವ ತೀರಿಕೊಂಡ ಮೇಲೆ ಅದೇ ಊರಿನ ಕಳಕ್ಕೂಟಂ ಬಡಾವಣೆಯಲ್ಲಿದ್ದ ಮಗ ಸೊಸೆಯ ಫ್ಲ್ಯಾಟಿಗೆ ಸೇರಿಕೊಂಡರು. ದೇಶದ ಕಾನೂನೆಲ್ಲ ತಮ್ಮ ಸೆರಗಿನ ಗಂಟಿನಲ್ಲೇ ಇದೆ ಎಂಬ ಭಾವ ಅವರಿಗೆ. ಹೆಲ್ಮೆಟ್ ಹಾಕದವನಿಗೆ ದಂಡ ವಿಧಿಸುವುದು ಶುದ್ಧ ದಡ್ಡತನವಂತೆ. "ದುಡ್ಡು ಬಿಸಾಕಿ ಹೋಗ್ತಾನೆ, ಅಷ್ಟೇ. ಅವನ ಅಮ್ಮನ್ನ ಸ್ಟೇಷನ್ನಿಗೆ ಕರೆಸ್ಬೇಕು. ನಾಳೆಯಿಂದ ಮಲಗೋವಾಗ್ಲೂ ಹೆಲ್ಮೆಟ್ ಹಾಕ್ಕೋತಾನೆ!" ಇಂಥ ನ್ಯಾಯಶಾಸ್ತ್ರ ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ, ಹೇಳಿ?

ಇನ್ನು ದೂರುಗಳೋ! ಬೀದಿನಾಯಿ ತಮ್ಮನ್ನು ನೋಡಿ ಬೊಗಳಲಿಲ್ಲ, ಅಂದರೆ ಕಳ್ಳರನ್ನೂ ಬಿಟ್ಟುಬಿಡುತ್ತದೆ ಎಂದೊಂದು. ಮೀನು ಮಾರುವವನ ಸ್ಕೂಟರಿನ ಹಾರನ್ ಸಸ್ಯಾಹಾರಿಗಳ ಮನೆ ಮುಂದೆಯೂ ಮೊಳಗುತ್ತದೆ ಎಂದು ಇನ್ನೊಂದು. ಕೊನೆಗೆ ಅವರ ಮಗ ನನಗೆ ಫೋನ್ ಮಾಡಿ ಗೋಗರೆದ: "ಸ್ವಲ್ಪ ದಿನ ಅಮ್ಮನ್ನ ಕೊಚ್ಚಿಗೆ ಕರ್ಕೊಂಡ್ ಹೋಗೋ. ಪೊಲೀಸ್ ಜೀಪಿನವರು ನನ್ನ ನೋಡಿದ್ರೆ ನಗ್ತಾರೆ."

ನಾನು ಕೊಚ್ಚಿಯಲ್ಲಿ ಬ್ಯಾಂಕ್ ನೌಕರ. ಮನೆ ಕಲೂರಿನ ಬಸ್ ನಿಲ್ದಾಣದ ಹತ್ತಿರ. ದೂರು ಕೊಡುವವರಿಗೆ ಅದಕ್ಕಿಂತ ಫಲವತ್ತಾದ ಜಾಗ ಬೇಕೇ? ಬಸ್ಸುಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತವೆ, ಬೈಕುಗಳು ಫುಟ್‌ಪಾತ್ ಏರುತ್ತವೆ. ಅತ್ತೆ ಬಾಲ್ಕನಿಯಲ್ಲಿ ಕೂತು ಎಲ್ಲವನ್ನೂ ನೋಡಿದರು, ಒಂದೇ ಒಂದು ದೂರು ಕೊಡಲಿಲ್ಲ! ನನಗೇ ಕಳವಳ ಶುರುವಾಯಿತು.

"ಆಟೋ ಕರೀಲಾ ಅತ್ತೆ? ಸ್ಟೇಷನ್ನಿಗೆ ಹೋಗ್ಬರೋಣ."

"ಬೇಡ ಬಿಡೋ. ಇಲ್ಲಿ ಕೇಳಿಸ್ಕೊಳ್ಳೋರು ಯಾರಿದ್ದಾರೆ?"

ವಾರ ತುಂಬುವ ಮೊದಲೇ ವಾಪಸ್ ಹೊರಟರು. ಬಿಟ್ಟುಬರಲು ನಾನೂ ಹೋದೆ. ರೈಲಿಳಿದವರು ಮನೆಗಲ್ಲ, ಬ್ಯಾಗು ಸಮೇತ ನೇರ ಠಾಣೆಗೆ! ಮೇಜಿನ ಹಿಂದೆ ಕೂತಿದ್ದ ಮಹಿಳಾ ಪೊಲೀಸ್ ದಡಬಡಿಸಿ ಎದ್ದಳು.

"ಎಂತ ಅಮ್ಮಾ, ಕಾಣ್ಲಿಕ್ಕೇ ಇಲ್ವಲ್ಲ! ಹುಷಾರಿಲ್ವೋ ಏನೋ ಅಂತ ಹೆದರಿದ್ದೆ ಮಾರಾಯ್ರೆ!"

ಕನ್ನಡ! ಕಾಸರಗೋಡಿನ ಹುಡುಗಿ! ಆಗ ನನಗೆ ಎಲ್ಲ ಅರ್ಥವಾಯಿತು. ಮನೆಯಲ್ಲಿ ಮೊಮ್ಮಗಳು ಅಜ್ಜಿಯ ಮಾತೆಲ್ಲ ತಿಳಿದುಕೊಂಡು ಮಲಯಾಳಂನಲ್ಲಿ ಉತ್ತರ ಕೊಡುತ್ತಾಳೆ. ಮಗ ಸೊಸೆ ಲ್ಯಾಪ್‌ಟಾಪಿನಿಂದ ತಲೆ ಎತ್ತುವುದಿಲ್ಲ. ಜಗಳವಾಡಲು ಮಾವನೂ ಇಲ್ಲ. ಕನ್ನಡದ ಮಾತಿಗೊಂದು ಕನ್ನಡದ ಮಾತು ಸಿಗಬೇಕಾದರೆ ಅತ್ತೆ ಯಾರ ಮೇಲಾದರೂ ದೂರು ಕೊಡಲೇಬೇಕಿತ್ತು. ನಗಲಾರದೆ ಹೋದೆ. ಕೌಂಟರಿಗೆ ಕನ್ನಡದವರು ಬಂದರೆ ನಾನೂ ಬೇಕೆಂತಲೇ ಕೆಲಸ ನಿಧಾನ ಮಾಡುವವನೇ.

"ನಿಮಗೆ ಹೇಳದೆ ಹೋಗುದು ಹೇಗೆ ಅಂತ ಇದ್ದೆ" ಎಂದಳು ಹುಡುಗಿ. "ನಂಗೆ ಟ್ರಾನ್ಸ್‌ಫರ್ ಆಯ್ತಮ್ಮ, ಊರಿಗೇ."

ಅತ್ತೆ ಕೆಂಡಾಮಂಡಲವಾದರು. "ಇದೆಂಥ ಆಡಳಿತ! ಕೆಲಸ ಮಾಡೋರನ್ನೇ ಎತ್ತಂಗಡಿ ಮಾಡೋದಾ? ಎಲ್ಲಿ ನಿಮ್ಮ ಇನ್ಸ್‌ಪೆಕ್ಟರು? ಈಗ್ಲೇ ರದ್ದು ಮಾಡಿಸ್ತೀನಿ!"

"ನಾನೇ ಕೇಳಿ ತಕೊಂಡದ್ದು ಅಮ್ಮಾ. ಮಗಳು ಊರಲ್ಲಿ ನನ್ನಮ್ಮನೊಟ್ಟಿಗೆ ಇದ್ದಾಳೆ. ಫೋನಲ್ಲಿ ಚೆಂದ ಮಾತಾಡ್ತಾಳೆ. ಎದುರು ಹೋಗಿ ನಿಂತ್ರೆ ಅಜ್ಜಿಯ ಹಿಂದೆ ಅಡಗ್ತಾಳೆ."

ಅತ್ತೆ ಕುರ್ಚಿಯಲ್ಲಿ ಕುಸಿದು ಕೂತರು. ಆಮೇಲೆ ಅವಳ ಕೈ ಹಿಡಿದುಕೊಂಡು, "ಮತ್ತೆ ಇಷ್ಟು ದಿನ ಇಲ್ಲೇನು ಮಾಡ್ತಿದ್ಯೇ? ಹೋಗು. ಮೊದಲು ಮಗು ಹತ್ರ ಹೋಗು" ಎಂದರು.

ಹುಡುಗಿ ಕಣ್ಣೊರೆಸಿಕೊಂಡು ಪೆನ್ನು ಎತ್ತಿಕೊಂಡಳು. "ಹೇಳಿ ಅಮ್ಮಾ, ಇವತ್ತು ಯಾರ ಮೇಲೆ ಕಂಪ್ಲೇಂಟು?"

"ಯಾರ ಮೇಲೂ ಇಲ್ಲ ಕಣೇ" ಎಂದರು ಅತ್ತೆ, ಕೈ ಬಿಡದೆ. "ಸುಮ್ನೆ ಇನ್ನೊಂದು ಸ್ವಲ್ಪ ಹೊತ್ತು ಮಾತಾಡು."