ಮೊಮ್ಮಗಳ ಕೈಯಲ್ಲಿ ನಾನು ಕಂಡುಹಿಡಿದ ಸೀಳು

ಕೈಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ನಿಜ. ಆದರೆ ನಲವತ್ತು ವರ್ಷ ಗೋಪನಕೊಪ್ಪದ ಹೆಂಗಸರಿಗೆ ಬಳೆ ತೊಡಿಸಿದ್ದೇನೆ. ಕೈ ನೋಡಿದರೆ ಸಾಕು, ಅಳತೆ ಎರಡು-ನಾಲ್ಕೋ ಎರಡು-ಆರೋ ಹೇಳಿಬಿಡುತ್ತೇನೆ. ಯಾವ ಎಲುಬು ಮಣಿಯುತ್ತದೆ, ಯಾವುದು ಹಟ ಹಿಡಿಯುತ್ತದೆ ಎಂಬುದು ನನ್ನ ಬೆರಳಿಗೆ ಗೊತ್ತು. ಹೀಗಿರುವಾಗ ನಮ್ಮ ಮನೆಯಲ್ಲೇ ಒಂದು ಕೈ ಮುರಿದರೆ ನಾನು ಸುಮ್ಮನೆ ಕೂತಿರಲಾದೀತೇ?

ಕೂತಿದ್ದರೆ ಚೆನ್ನಾಗಿತ್ತು.

ಆ ಕೈ ಮುರಿಯಲು ಕಾರಣವೂ ನಾನೇ. ಒಂಬತ್ತು ವರ್ಷದ ಮೊಮ್ಮಗಳು ಶ್ರಾವಣಿಗೆ, "ಅಟ್ಟದ ಮ್ಯಾಲಿನ ಬಳಿ ಡಬ್ಬಿ ತಗದ ಕೊಡವ್ವಾ, ನನಗ ಹತ್ತಾಕ ಆಗಂಗಿಲ್ಲ" ಎಂದೆ. ಹುಡುಗಿ ಸ್ಟೂಲು ಹತ್ತಿದಳು. ಸ್ಟೂಲು ವಾಲಿತು. ಡಬ್ಬಿಯೂ ಬಿತ್ತು, ಅವಳೂ ಬಿದ್ದಳು. ಡಬ್ಬಿಯಲ್ಲಿ ಹನ್ನೆರಡು ಡಜನ್ ಗಾಜಿನ ಬಳೆಗಳಿದ್ದವು. ಒಂದೂ ಒಡೆಯಲಿಲ್ಲ. ಮೊಮ್ಮಗಳ ಬಲಗೈ ಮುರಿಯಿತು!

ದವಾಖಾನೆಯ ಎಲುಬಿನ ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿ, ಎಲುಬು ಕೂಡಿಸಿ, ಪ್ಲಾಸ್ಟರ್ ಹಾಕಿ, "ಐದಾರು ವಾರದಾಗ ಕೂಡತದ" ಎಂದರು. ಮಗ, ಸೊಸೆ ಸಮಾಧಾನಪಟ್ಟರು. ನನಗೆ ಸಮಾಧಾನ ಎಲ್ಲಿಯದು? ಅದು ಬರೆಯುವ ಕೈ, ಉಣ್ಣುವ ಕೈ. ನನ್ನ ಮಾತು ಕೇಳಿ ಮುರಿದುಕೊಂಡದ್ದು. ಸೊಟ್ಟಗೆ ಕೂಡಿಬಿಟ್ಟರೆ ಜನ್ಮವಿಡೀ ಆ ಕೈಯನ್ನು ನಾನು ಹೇಗೆ ನೋಡಲಿ?

ಮೂರನೆಯ ದಿನ ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಎಕ್ಸ್‌ರೇ ಹಾಳೆಯನ್ನು ಅಡುಗೆಮನೆಯ ಕಿಟಕಿಗೆ ಹಿಡಿದು ತಪಾಸಣೆ ಆರಂಭಿಸಿದೆ. ಮುರಿದ ಜಾಗ ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ಕಂಡಿತು. ಸರಿ. ಆದರೆ ಮಣಿಕಟ್ಟಿನ ಹತ್ತಿರ ಇನ್ನೊಂದು ಕರಿಯ ಗೆರೆ! ಎಲುಬಿನ ತುದಿ ಚಕ್ಕೆಯ ಹಾಗೆ ಬೇರೆಯಾಗಿ ನಿಂತಿದೆ! ಡಾಕ್ಟರಮ್ಮನಿಗೆ ಅದು ಕಂಡೇ ಇಲ್ಲ!

ಪಕ್ಕದ ಮನೆಯ ಕಸ್ತೂರಿಯನ್ನು ಕೂಗಿ ಕರೆದೆ. ಅವಳು ನೋಡಿದವಳೇ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯ ಗಂಗಕ್ಕಾ, ಖರೇನ ಸೀಳೇತಲ್ಲ! ಆರಪಾರ ಸೀಳೇತಿ!"

ಕಸ್ತೂರಿಗೆ ಇದ್ದ ಅರ್ಹತೆ? ಅವಳ ಹತ್ತಿರ ಕನ್ನಡಕ ಇತ್ತು.

ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಿದರು. "ಅಲ್ಲಾ, ಡಾಕ್ಟರಿಗೆ ಕಾಣಲಾರದ್ದು ನಿಮ್ಮಿಬ್ಬರಿಗೆ ಅಡಗಿಮನಿ ಕಿಟಕ್ಯಾಗ ಕಂಡ್ತೇನು?"

"ಕಂಡ್ತು. ಅಂಗಿ ಹಾಕ್ಕೋರಿ, ನಡೀರಿ!"

ಒಂದೇ ಆಟೋದಲ್ಲಿ ನಾಲ್ವರೂ ಹೊರಟೆವು: ನಾನು, ಯಜಮಾನರು, ಶ್ರಾವಣಿ, ಸಾಕ್ಷಿಗೆ ಕಸ್ತೂರಿ. ದವಾಖಾನೆಯಲ್ಲಿ ಉದ್ದನೆಯ ಸರದಿ. ಸುಮ್ಮನೆ ಕೂಡಬಹುದಿತ್ತು. ನಾನು ಎಕ್ಸ್‌ರೇಯನ್ನು ಟ್ಯೂಬ್‌ಲೈಟಿಗೆ ಹಿಡಿದು ಅಕ್ಕಪಕ್ಕದವರಿಗೆ ಸೀಳು ತೋರಿಸತೊಡಗಿದೆ. ತಮ್ಮ ಮಕ್ಕಳನ್ನು ಕರೆತಂದಿದ್ದ ತಾಯಂದಿರು ಸುಮ್ಮನಿರುತ್ತಾರೆಯೇ? ಅವರೂ ತಮ್ಮ ತಮ್ಮ ಚೀಲದಿಂದ ಎಕ್ಸ್‌ರೇ ತೆಗೆದರು.

"ನಮ್ಮ ಹುಡುಗೀ ಕಾಲಾಗೂ ಐತ್ರಿ ಇಂಥಾದ್ದು!"

"ಅಯ್ಯೋ ಶಿವನ, ನಮ್ಮ ಕೂಸಿಂದೂ ನೋಡ್ರಿ ಇಲ್ಲೆ!"

ಐದು ನಿಮಿಷದಲ್ಲಿ ನಾನು ಮೂರು ಮಕ್ಕಳ ಎಲುಬು ಮುರಿದಿದ್ದೆ.

ಗದ್ದಲ ಕೇಳಿ ಡಾಕ್ಟರಮ್ಮ ಹೊರಗೆ ಬಂದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. "ಒಂದ ಮುರದದ್ದ ಕಟ್ಟಿ ಇನ್ನೊಂದು ಬಿಟ್ಟೀರಲ್ರಿ! ಕೂಸಿನ ಕೈ ಸೊಟ್ಟಾದ್ರ ಯಾರ್ರೀ ಹೊಣಿ?"

ಅವರು ಎಕ್ಸ್‌ರೇ ನೋಡಿ ತುಟಿ ಬಿಗಿಹಿಡಿದರು. "ಅಜ್ಜೀ, ಇದು ಮುರದಿಲ್ರಿ. ಎಡಗೈದೂ ಒಂದು ತಗಸೂಣು. ನೀವ ನೋಡೀರಂತ."

ಎಡಗೈಯ ಎಕ್ಸ್‌ರೇ ಬಂತು. ನೋಡಿದೆ. ಅದೇ ಜಾಗ, ಅದೇ ಕರಿಯ ಗೆರೆ!

"ಎರಡೂ ಕೈ ಮುರದಾವೋ ನನ್ನ ಯವ್ವಾ!" ಎಂದು ಅಲ್ಲೇ ನೆಲಕ್ಕೆ ಕೂತುಬಿಟ್ಟೆ.

ಶ್ರಾವಣಿ ಎಡಗೈಯನ್ನು ನನ್ನ ಮುಖದ ಮುಂದೆ ಗಿರಗಿರ ತಿರುಗಿಸಿದಳು. "ಆಯಿ, ಇದು ಎಲ್ಲಿ ಮುರದೈತಿ? ಮುಂಜಾನೆ ಇದರಿಂದನ ಮೂರು ದ್ವಾಶಿ ತಿಂದೇನಿ!"

ಡಾಕ್ಟರಮ್ಮ ನನ್ನನ್ನು ಎಬ್ಬಿಸಿ ಬೆಂಚಿನ ಮೇಲೆ ಕೂಡಿಸಿ ತಾವೂ ಕೂತರು. "ಮಕ್ಕಳ ಎಲುಬಿನ ತುದಿಗೆ ಒಂದು ಮೆತ್ತನ್ನ ಪದರ ಇರತದರಿ, ಕಿವಿ ಇದ್ದಂಗ ಮೆತ್ತಗ. ಮೆತ್ತಂದು ಎಕ್ಸ್‌ರೇದಾಗ ಕಾಣಂಗಿಲ್ಲ. ಅದಕ್ಕ ಸೀಳಿದಂಗ ಅನಸತದ. ಎಲುಬು ಉದ್ದಕ ಬೆಳಿಯೂದ ಅಲ್ಲಿಂದ. ಬೆಳಿಯೂದು ಮುಗದ ಮ್ಯಾಲೆ ಅದೂ ಗಟ್ಟಿ ಎಲುಬಾಗತದ."

ಅಂದರೆ, ಮೊಮ್ಮಗಳು ಬೆಳೆಯುವ ಜಾಗದ ಮೇಲೆಯೇ ನಾನು ತಕರಾರು ಎತ್ತಿದ್ದೆ!

ಸೊಂಟದ ಸೆರಗು ತಾನಾಗಿ ಸಡಿಲಾಯಿತು. ಮೆಲ್ಲಗೆ ಕೇಳಿದೆ, "ಹಂಗಾರ ಖರೇ ಮುರದದ್ದು ನೆಟ್ಟಗ ಕೂಡತೈತೇನ್ರಿ? ನನ್ನ ಸಲುವಾಗಿ ಬಿದ್ದೈತ್ರಿ ಕೂಸು."

ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡರು. "ಸಣ್ಣ ಮಕ್ಕಳ ಎಲುಬು ಲಗೂ ಕೂಡತಾವ್ರಿ. ಚೂರು ಬಾಗಿದ್ರೂ ಬೆಳಕೋತ ಬೆಳಕೋತ ಎಷ್ಟೋ ಮಟ್ಟಿಗೆ ತಾವ ನೆಟ್ಟಗ ಆಗತಾವ. ಮುರದಲ್ಲೆ ಮದಲ ಹೊಸಾ ಎಲುಬಿನ ಗಂಟು ಕಟ್ಟತದ, ಆಮ್ಯಾಲ ಅದು ಸವದು ಮದಲಿನಂಗ ಆಗತದ. ನೀವು ಹೆದರಬ್ಯಾಡ್ರಿ."

ಇಷ್ಟು ಮಮತೆಯಿಂದ ಅವರು ಹೇಳಿದ ಮಾತನ್ನು ನಾನು ಪೂರ್ತಿ ಕೇಳಿಸಿಕೊಂಡೆನೆಂದು ನೀವು ತಿಳಿದಿರಬಹುದು. ಇಲ್ಲ. "ಹೆದರಬ್ಯಾಡ್ರಿ" ಎಂಬುದೊಂದೇ ಕಿವಿಗೆ ಬಿದ್ದದ್ದು; ಉಳಿದದ್ದನ್ನು ಎಷ್ಟೋ ದಿನದ ಮೇಲೆ ಶ್ರಾವಣಿಯಿಂದ ಕೇಳಿ ತಿಳಿದೆ. ಅಷ್ಟಕ್ಕೇ ಅಳು ಬಂತು. ಆಮೇಲೆ ಆ ಮೂವರು ತಾಯಂದಿರ ಹತ್ತಿರ ಹೋಗಿ, ನಾನು ಮುರಿದ ಎಲುಬುಗಳನ್ನು ಒಂದೊಂದಾಗಿ ವಾಪಸು ತೆಗೆದುಕೊಂಡೆ. ಕಸ್ತೂರಿ ಕನ್ನಡಕ ತೆಗೆದು ಪರ್ಸಿನೊಳಗೆ ಇಟ್ಟುಬಿಟ್ಟಿದ್ದಳು.

ಐದು ವಾರ ಕಳೆದು ಮೊನ್ನೆ ಪ್ಲಾಸ್ಟರ್ ಬಿಚ್ಚಿದರು. ಒಳಗಿಂದ ಬಂತು ನೋಡಿ ನನ್ನ ಬಂಗಾರದ ಕೈ! ತೆಳ್ಳಗಾಗಿತ್ತು, ಚರ್ಮ ಸುಲಿದಿತ್ತು, ಆದರೆ ನೆಟ್ಟಗಿತ್ತು. ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಡಾಕ್ಟರಮ್ಮ ಹೊಸ ಎಕ್ಸ್‌ರೇಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಮುರಿದ ಜಾಗದಲ್ಲಿ ಬೆಳ್ಳಗೆ, ಉಬ್ಬಿಕೊಂಡು, ಅದೇನೋ!

"ಅಯ್ಯಯ್ಯ ಡಾಕ್ಟರ್‌ರೀ, ಅಲ್ಲೆ ಗಂಟು—"

ಮಾತು ಮುಗಿಯಲಿಲ್ಲ. ಶ್ರಾವಣಿ ನನ್ನ ಬಾಯಿಯ ಮೇಲೆ ಕೈ ಒತ್ತಿ ಹಿಡಿದಿದ್ದಳು. "ಆಯಿ, ಸುಮ್ನಿರು! ಅದು ಹೊಸಾ ಎಲುಬು! ಡಾಕ್ಟರ್ ಅವತ್ತ ಹೇಳ್ಯಾರ!"

ಯಾವ ಕೈಯಿಂದ? ಬಲಗೈಯಿಂದ! ಐದೂ ಬೆರಳು ನನ್ನ ಕೆನ್ನೆಗೆ ಊರಿದ್ದವು. ಡಾಕ್ಟರಮ್ಮ ನಗುತ್ತ, "ಮಣಿಕಟ್ಟು ಛಲೋ ತಿರಗಾಕತ್ತದ" ಎಂದು ಚೀಟಿಯಲ್ಲಿ ಬರೆದುಕೊಂಡರು.

"ಇನ್ನೈದ ನಿಮಿಷ ಹಂಗ ಹಿಡಕೊಂಡಿರವ್ವಾ" ಎಂದರು ನಮ್ಮ ಯಜಮಾನರು.

ನಾನೂ ಬೇಡವೆನ್ನಲಿಲ್ಲ. ಎನ್ನಲು ಬಾಯಿ ಎಲ್ಲಿತ್ತು?