ಹರಿಯದ ಆಕಾಶಕ್ಕೆ ಒಂದು ತೇಪೆ

"ಎಲ್ಲಿಗೆ ಬಂತು ಅಂದ್ರೆ ಏನ್ ಯೋಳ್ಲಿ ಆರುಮುಗಂ? ಇಟ್ಟಲ್ಲೇ ಐತೆ. ಅದಿನೇಳು ದಿನ ಆಯ್ತು. ನನ್ ಪ್ಯಾಚಿಗೆ ಸಹಿ ಆಕಿದ ಆ ಮೂವರು ಚಂದ್ರನ ತಾವ ಓಗಿ ಬರಾಕೆ ಎಂಟೇ ದಿನ ಇಡೀತಂತೆ. ನನ್ ಅರ್ಜಿ ಇನ್ನೂ ಒಂದು ಮೇಜು ದಾಟಿಲ್ಲ."

ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಕೆಲಸಗಾರರನ್ನ ಕೆಳಗಿಳಿಸೋ ಕೇಜಿನ ಬಾಗಿಲು ಹಾಕ್ತಾ ಬಚ್ಚಪ್ಪ ಹೀಗಂದ. ಕೇಜು ಇಳೀತು. ಆರುಮುಗಂ ಏನೋ ಸಮಾಧಾನ ಹೇಳಿದ, ಅದೂ ಅವನ ಜೊತೆ ಇಳಿದುಹೋಯ್ತು.

ಸಾವಿರದ ಒಂಬೈನೂರ ಎಂಬತ್ತಮೂರರಲ್ಲಿ, ಗಗನಯಾತ್ರಿಗಳೇ ಸಹಿ ಹಾಕಿದ ಪ್ಯಾಚು ಆ ಸೀಮೆಯಲ್ಲೆಲ್ಲ ಇದ್ದದ್ದು ಒಂದೇ. ಅದು ಕ್ಯಾಸಂಬಳ್ಳಿ ಹತ್ತಿರದ ಊರಲ್ಲಿ, ಬಚ್ಚಪ್ಪನ ಟ್ರಂಕಿನಲ್ಲಿ, ಬೇವಿನ ಎಲೆಗಳ ನಡುವೆ ಇತ್ತು. ಬಾಹ್ಯಾಕಾಶಕ್ಕೆ ಹೋಗೋರು ಒಂದೊಂದು ಸಲಕ್ಕೂ ಒಂದೊಂದು ಗುಂಡು ಬಟ್ಟೆಗೆ ಚಿತ್ರ ಕಸೂತಿ ಮಾಡಿಸಿ ಎದೆ ಮೇಲೆ ಹೊಲಿಸಿಕೊಳ್ತಾರೆ. ಅದೇ ಪ್ಯಾಚು. ಆಕಾಶದಿಂದ ಬೀಳೋ ಕಣ ಎಣಿಸ್ತೀನಿ ಅಂತ ಗಣಿ ಆಳಕ್ಕೆ ಇಳಿದಿದ್ದ ಒಬ್ಬ ಫಾರಿನ್ ವಿಜ್ಞಾನಿ, ತನ್ನ ಪೆಟ್ಟಿಗೆ ಒಡೆಯದ ಹಾಗೆ ಇಳಿಸಿಕೊಟ್ಟದ್ದಕ್ಕೆ ಇದನ್ನ ಬಚ್ಚಪ್ಪನಿಗೆ ಕೊಟ್ಟುಹೋಗಿದ್ದ. ಆಮೇಲೆ ಬಚ್ಚಪ್ಪ ಊರೂರಿಗೆ ಕಾಗದ ಬರೆದು ಇನ್ನೂ ಹದಿನೆಂಟು ಪ್ಯಾಚು ಕೂಡಿಹಾಕಿದ. ಆದರೆ ಅವ್ಯಾವುದಕ್ಕೂ ಸಹಿ ಇಲ್ಲ.

ಇಪ್ಪತ್ತನೇ ತಾರೀಕು ಬೆಂಗಳೂರಲ್ಲಿ ಸಂಗ್ರಹಗಾರರ ಪ್ರದರ್ಶನ. ಆ ಮೂರು ಸಹಿ ನಾಲ್ಕು ಜನಕ್ಕೆ ತೋರಿಸಬೇಕು ಅನ್ನೋದು ಬಚ್ಚಪ್ಪನ ಒಂದೇ ಆಸೆ. ಅದಕ್ಕೆ ಬೆಲೆಯ ಸರ್ಟಿಫಿಕೇಟ್ ಬೇಕು. ಅದನ್ನ ಕೊಡೋದು ಬಂಗಾರಪೇಟೆಯ ಸೈಕಲ್ ಶಾಪಿನ ಮಹಡಿ ಮೇಲಿದ್ದ ವಿರಳ ವಸ್ತು ಮೌಲ್ಯ ನಿರ್ಣಯ ಕಚೇರಿ.

ಕಚೇರಿ ಮುಂದೆ ಕೂತು ಅರ್ಜಿ ಬರೆಯೋ ವೆಂಕಟೇಶಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಪ್ಯಾಚು ಅಂತ ಬರದ್ರೆ ಒಳಗೆ ತಗೊಳ್ಳಲ್ಲ ಬಚ್ಚಪ್ಪಾ. ಕನ್ನಡದಾಗೆ ಇರ್ಬೇಕು. ಪ್ಯಾಚ್ ಆಕೋದು ಅಂದ್ರೆ ಏನು?"

"ತೇಪೆ ಆಕೋದು."

ವೆಂಕಟೇಶಪ್ಪ 'ಬಾಹ್ಯಾಕಾಶ ತೇಪೆ' ಅಂತ ಬರೆದ. ಅಕ್ಷರ ದುಂಡಗಿತ್ತು.

ಹದಿನೆಂಟನೇ ದಿನ ಉತ್ತರ ಬಂತು. "ತೇಪೆ ಇದೆಯೆಂದ ಮೇಲೆ ಹರಕು ಇರತಕ್ಕದ್ದು. ಹರಕಿನ ಉದ್ದಗಲ ತಿಳಿಯದೆ ತೇಪೆಯ ಮೌಲ್ಯ ನಿರ್ಣಯಿಸಲು ಅವಕಾಶವಿರುವುದಿಲ್ಲ. ಅರ್ಜಿದಾರರು ಹರಿದ ಮೂಲ ವಸ್ತುವನ್ನು ಖುದ್ದು ಹಾಜರುಪಡಿಸತಕ್ಕದ್ದು."

ಬಚ್ಚಪ್ಪ ರಜಾ ಹಾಕಿ ಹೋದ. "ಸಾರ್, ಇದು ಅರಿದಿದ್ದಕ್ಕೆ ಆಕಿದ್ದಲ್ಲ."

ನಿರ್ಣಯಾಧಿಕಾರಿ ರಾಮಚಂದ್ರಪ್ಪನವರು ಮೆತ್ತಗೆ ಮಾತಾಡೋ ಮನುಷ್ಯ. "ಅರ್ಜೀಲಿ ರುಜು ನಿಮ್ಮದೇ ತಾನೇ?"

"ನಂದೇ."

"ಬಾಹ್ಯಾಕಾಶ ಅಂದ್ರೇನು?"

"ಆಕಾಸ, ಸಾರ್."

"ಹಾಗಾದ್ರೆ ಹರಿದಿರೋದು ಅದೇ. ಹಾಜರುಪಡಿಸಿ."

ಬಚ್ಚಪ್ಪ ಮೇಲಕ್ಕೆ ನೋಡಿದ. ಅಲ್ಲಿ ಫ್ಯಾನಿತ್ತು. ತಿರುಗ್ತಿರಲಿಲ್ಲ. ಅವನ ಮುಖ ನೋಡಿ ಅಧಿಕಾರಿಗಳಿಗೇ ಅಯ್ಯೋ ಅನಿಸ್ತು. ಸಾಗಿಸಲು ಬಾರದ ವಸ್ತುವಾದರೆ ಸ್ಥಳ ಮಹಜರು ಸಾಕು ಅಂತ ನಿಯಮ ಇದೆ ಅಂದರು. ಆ ನಿಯಮ ಬಾವಿಗಳಿಗಾಗಿ ಮಾಡಿದ್ದಂತೆ, ಆದರೆ ಆಕಾಶಕ್ಕೆ ಇಲ್ಲ ಅಂತ ಎಲ್ಲೂ ಬರೆದಿಲ್ಲವಂತೆ.

ಭಾನುವಾರ ಗುಮಾಸ್ತ ಆಂಜಿನಪ್ಪ ಬಸ್ಸಿಳಿದು ಬಂದ. ಬಚ್ಚಪ್ಪನ ಹೆಂಡತಿ ಕದಿರಮ್ಮ ಮಾಡಿದ ಕೋಳಿಸಾರಲ್ಲಿ ಎರಡು ಮುದ್ದೆ ಉಂಡ. ಆಮೇಲೆ ಬಚ್ಚಪ್ಪನ ಹೊಲದಲ್ಲಿ ನಿಂತು, ಅಂಗೈ ಹಣೆಗಿಟ್ಟು, ಆಕಾಶ ಪರಿಶೀಲನೆ ಮಾಡಿದ. ಆರುಮುಗಂ ಸೇರಿ ನಾಲ್ಕು ಜನ ಪಂಚರೂ ಮಾಡಿದರು.

ಮಹಜರು ಹೀಗಿತ್ತು: "ಸದರಿ ಆಕಾಶದ ಚೆಕ್ಕುಬಂದಿ: ಪೂರ್ವಕ್ಕೆ ಮುನಿಸ್ವಾಮಪ್ಪನ ಆಕಾಶ, ಪಶ್ಚಿಮಕ್ಕೆ ರೈಲ್ವೆ ಆಕಾಶ, ಉತ್ತರಕ್ಕೆ ಕೆರೆ ಆಕಾಶ, ದಕ್ಷಿಣಕ್ಕೆ ಸರ್ಕಾರಿ ಖರಾಬು ಆಕಾಶ. ಪಂಚರ ಸಮಕ್ಷಮ ನೋಡಲಾಗಿ ಯಾವುದೇ ಹರಕು, ಹೊಲಿಗೆ ಬಿಟ್ಟಿರುವುದು ಕಂಡುಬಂದಿರುವುದಿಲ್ಲ."

"ನನ್ ಆಕಾಸ ಉಣಸೆ ಮರದವರ್ಗೂ ಬತ್ತದೆ," ಅಂದ ಮುನಿಸ್ವಾಮಪ್ಪ. ಅವನೂ ಪಂಚನೇ. "ಅದ್ನ ಸರಿಯಾಗಿ ಬರ್ಕಳಿ."

ಬರಕೊಂಡರು. ಆಮೇಲೆ ಆಂಜಿನಪ್ಪ ಪ್ಯಾಚು ಈಸಿಕೊಂಡು, ನಿಯಮದ ಪ್ರಕಾರ ಪಂಚರ ರುಜು ವಸ್ತುವಿನ ಮೇಲೇ ಬೀಳಬೇಕು ಅಂದ.

"ಬ್ಯಾಡ ಸಾರ್," ಅಂದ ಬಚ್ಚಪ್ಪ. "ಒಂದು ಕಲೆ ಬಿದ್ರೂ ಕೆಟ್ಟೋತದೆ. ನಾನು ಇಸ್ತ್ರಿನೂ ಮಾಡ್ಸಿಲ್ಲ."

"ರುಜು ಕಲೆ ಅಲ್ಲ ಬಚ್ಚಪ್ಪ. ಇಪ್ಪತ್ತನೇ ತಾರೀಕಿಗೆ ಸರ್ಟಿಫಿಕೇಟ್ ಬೇಕೋ ಬೇಡ್ವೋ?"

ನಾಲ್ವರೂ ರುಜು ಹಾಕಿದರು. ಆರುಮುಗಂ ತಮಿಳಲ್ಲಿ ಹಾಕಿ, ಸ್ನೇಹಕ್ಕೆ ಅಂತ ಅಡಿಯಲ್ಲೊಂದು ಗೆರೆಯನ್ನೂ ಎಳೆದ.

ಹತ್ತೊಂಬತ್ತನೇ ತಾರೀಕು ರಾಮಚಂದ್ರಪ್ಪನವರು ಪ್ಯಾಚನ್ನ ಬೆಳಕಿಗೆ ಹಿಡಿದು, "ಈ ಮೂರು ಗೀಚು ಯಾರದ್ದು?" ಅಂದರು.

"ಮ್ಯಾಲಕ್ಕೆ ಓಗಿದ್ದೋರ್ದು, ಸಾರ್. ಅದುಕ್ಕೇ ಬೆಲೆ."

"ಅವರೇ ಹಾಕಿದ್ದು ಅನ್ನೋಕೆ ದೃಢೀಕರಣ?"

"ಅವ್ರು ಅಮೇರಿಕದಾಗವ್ರೆ."

"ಅದಕ್ಕೇ ನಾವು ಇಲ್ಲಿರೋದು."

ಅರ್ಜಿದಾರನನ್ನ ಬಲ್ಲೆ ಅಂತ ವೆಂಕಟೇಶಪ್ಪ ಪ್ಯಾಚಿನ ಮೇಲೇ ರುಜು ಹಾಕಿದ. ವೆಂಕಟೇಶಪ್ಪನನ್ನ ಬಲ್ಲೆ ಅಂತ ಆಂಜಿನಪ್ಪ. ಆಂಜಿನಪ್ಪ ನಮ್ಮ ಕಚೇರಿಯವನೇ ಅಂತ ಸೂಪರಿಂಟೆಂಡೆಂಟು. ಕೊನೆಗೆ ಅಧಿಕಾರಿಗಳು ಹಸಿರು ಶಾಯಿಯಲ್ಲಿ ರುಜು ಹಾಕಿ, ಗುಂಡು ಮೊಹರಿಗೆ ಉಸಿರು ಊದಿ, ಒತ್ತಿದರು. ಮೂವರು ಗಗನಯಾತ್ರಿಗಳಲ್ಲಿ ನಡುವಿನವನು ಮೊಹರಿನ ಅಡಿಗೆ ಹೋದ. ಎಡಗಡೆಯವನು ಆಗಲೇ ಆರುಮುಗಂ ಎಳೆದ ಗೆರೆಯಲ್ಲಿ ಮುಳುಗಿದ್ದ. ಬಲಗಡೆಯವನ ಬಾಲ ಮಾತ್ರ ಉಳೀತು.

ಸರ್ಟಿಫಿಕೇಟು ಅವತ್ತೇ ಸಿಕ್ಕಿತು. "ಸದರಿ ತೇಪೆಯ ಮೇಲೆ ಒಟ್ಟು ಹನ್ನೊಂದು ರುಜುಗಳಿದ್ದು, ಎಂಟು ಸಕ್ರಮವಾಗಿರುತ್ತವೆ. ಉಳಿದ ಮೂವರು ರುಜುದಾರರು ಕಚೇರಿಗೆ ಹಾಜರಾಗದ ಕಾರಣ ಅವರ ರುಜುಗಳನ್ನು ಅಲಂಕಾರವೆಂದು ಪರಿಗಣಿಸಲಾಗಿದೆ. ಸಕ್ರಮ ರುಜುವೊಂದಕ್ಕೆ ಹತ್ತು ರೂಪಾಯಿಯಂತೆ ಮೌಲ್ಯ: ಎಂಬತ್ತು ರೂಪಾಯಿ ಮಾತ್ರ."

ಬಚ್ಚಪ್ಪ ಬೆಂಗಳೂರಿಗೆ ಹೋದದ್ದು ಬಸ್ ಟಿಕೆಟ್ ತಗೊಂಡಾಗಿತ್ತು ಅನ್ನೋ ಒಂದೇ ಕಾರಣಕ್ಕೆ. ಪ್ರದರ್ಶನದ ಹಿರಿಯ ತೀರ್ಪುಗಾರರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಮೂವರು ಸಹಿ ಹಾಕಿರೋದು ಪ್ರಪಂಚದಲ್ಲಿ ಇನ್ನೂ ಎಷ್ಟೋ ಇವೆ," ಅಂದರು. "ಹನ್ನೊಂದು ಸಹಿ, ಅದರ ಮೇಲೆ ಮೊಹರು. ಇಂಥದ್ದು ಇದೊಂದೇ."

ಮೊದಲನೇ ಬಹುಮಾನ ಕೊಟ್ಟು, ಗಾಜು ಹಾಕಿಸಿ, ಕೆಳಗೆ ಚೀಟಿ ಅಂಟಿಸಿದರು: 'ಹನ್ನೊಂದು ಗಗನಯಾತ್ರಿಗಳ ಹಸ್ತಾಕ್ಷರವುಳ್ಳ ಅಪೂರ್ವ ತೇಪೆ'. ಹನ್ನೊಂದಲ್ಲ ಅಂತ ಬಚ್ಚಪ್ಪ ಬಾಯಿ ತೆಗೆದ. ತಿದ್ದುಪಡಿಗೆ ಅರ್ಜಿ ಕೊಡಬೇಕು ಅಂದರು. ಬಾಯಿ ಮುಚ್ಚಿದ.

ಸುದ್ದಿ ಬಂಗಾರಪೇಟೆ ಮುಟ್ಟಿತು. ಯಾರಿಗೂ ಆಶ್ಚರ್ಯ ಆಗಲಿಲ್ಲ. ವೆಂಕಟೇಶಪ್ಪ ತನ್ನ ಬೋರ್ಡಿನ ಮೇಲೆ ಹೆಸರಿನ ಹಿಂದೆ 'ಗಗನಯಾತ್ರಿ' ಅಂತ ಸೇರಿಸಿದ. ಅರ್ಜಿಗೆ ಎಂಟಾಣೆ ಜಾಸ್ತಿ ತಗೊಂಡ, ಜನ ಕೊಟ್ಟರು. ಮುನಿಸ್ವಾಮಪ್ಪನ್ನ ಊರಲ್ಲಿ ಮಳೆ ಯಾವಾಗ ಅಂತ ಕೇಳೋಕೆ ಶುರುಮಾಡಿದರು. ರಾಮಚಂದ್ರಪ್ಪನವರು ಪ್ರವಾಸ ಭತ್ಯೆಗೆ ಬರೆದುಕೊಂಡರು ಅಂತಲೂ, ದೂರ ಎಷ್ಟು ಅನ್ನೋ ಬಗ್ಗೆ ಮೇಲಿನ ಕಚೇರಿ ಸ್ಪಷ್ಟೀಕರಣ ಕೇಳಿದೆ ಅಂತಲೂ ಹೇಳ್ತಾರೆ.

ಬಚ್ಚಪ್ಪ ಗಾಜಿನ ಫ್ರೇಮು ತಂದು ಗೋಡೆಗೆ ಒರಗಿಸಿ, ಅದರ ಕಡೆಗೆ ಬೆನ್ನು ಮಾಡಿ ಊಟಕ್ಕೆ ಕೂತ. ಕದಿರಮ್ಮ ಸೌಟು ಕೈಯಲ್ಲೇ ಹಿಡಕೊಂಡು ಬಗ್ಗಿ, ಓದೋಕೆ ಬರ್ತಿದ್ದ ಕನ್ನಡದ ಹೆಸರುಗಳನ್ನೆಲ್ಲ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಈ ಆಪೀಸಿನೋರೆಲ್ಲಾ ಮ್ಯಾಲಕ್ಕೆ ಓಗಿದ್ರಾ?"

"ಓಗಿದ್ರಂತೆ. ಬೆಂಗ್ಳೂರ್ನಾಗೆ ಬರ್ದವ್ರೆ."

ಕದಿರಮ್ಮ ಅವನ ಮುದ್ದೆಗೆ ಸಾರು ಬಿಟ್ಟಳು.

"ಅಷ್ಟು ದೂರ ಓಗಿದ್ದೋರ್ನ," ಅಂದಳು, "ವಾಪಸ್ ಯಾಕೆ ಕರ್ಕಂಡ್ ಬಂದ್ರು?"