ಒಂದೆಳೆಯೂ ಹರಿಯದ ಇಳಕಲ್ ಸೀರೆ

ಇಳಕಲ್ ಸೀರೆಯ ಸೆರಗಿಗೆ ತೋಪು... ತೋಪು ಏನೋ ಅನ್ನುತ್ತಾರೆ. ನಲವತ್ತು ವರ್ಷ ಸೂರತ್‌ನಲ್ಲಿ ಸಂಸಾರ ಮಾಡಿ ಆ ಮಾತಿನ ಬಾಲ ಉದುರಿಹೋಗಿದೆ. ಸೀರೆಯ ಎಳೆ ಮಾತ್ರ ಒಂದೂ ಉದುರಿಲ್ಲ ಎಂಬುದನ್ನು ಮೊದಲಿಗೇ ದಾಖಲಿಸುತ್ತೇನೆ.

ಕುರುಗೋಡಿನಲ್ಲಿ ನನ್ನ ಮದುವೆ ನಿಶ್ಚಯವಾದಾಗ ಅಪ್ಪ ಹಾಲು ಕೊಡುವ ಎಮ್ಮೆ ಮಾರಿ, ಬಳ್ಳಾರಿಯ ಬ್ರೂಸ್‌ಪೇಟೆಯಿಂದ ಆ ಸೀರೆ ತಂದ. "ಮೂರು ತಲಿ ಬಾಳಿಕಿ ಬರ್ತೈತಿ" ಎಂದಿದ್ದನಂತೆ ಅಂಗಡಿಯವ. ಅವ್ವ ಆ ಮಾತನ್ನು ಶಾಸನದಂತೆ ನಂಬಿದಳು. ಅಕ್ಕಿಕಾಳು ಬೀಳುವ ಮದುವೆಯ ದಿನ ಉಡಲು ಹೋದವಳ ಕೈಯಿಂದ ಕಸಿದು, "ತುಟ್ಟಿ ಸೀರಿ, ಅರಿಶಿಣ ಬೀಳ್ತೈತಿ" ಅಂದಳು. ನಾನು ಚಿಕ್ಕಮ್ಮನ ಸೀರೆಯಲ್ಲಿ ಮದುವೆಯಾದೆ.

ಅವ್ವನ ನಂತರ ಸೀರೆಯ ರಕ್ಷಣೆಗಾಗಿ ಸಮಿತಿಯೊಂದನ್ನು ರಚಿಸಲಾಯಿತು. ಅಧ್ಯಕ್ಷೆ ನಾನು. ಕಾರ್ಯದರ್ಶಿ ಸಿರುಗುಪ್ಪದಲ್ಲಿರುವ ತಮ್ಮ ಚನ್ನಬಸವರಾಜ, ಗುಮಾಸ್ತನಾಗಿ ನಿವೃತ್ತನಾದವನು. ಸೀರೆ ಇರುವುದು ಅವನ ಟ್ರಂಕಿನಲ್ಲಿ. ನಿಯಮಗಳನ್ನು ನಾನೇ ಬರೆದೆ. ನಿಯಮ ಒಂದು: ಸೀರೆಯನ್ನು ಒಗೆಯತಕ್ಕದ್ದಲ್ಲ. ನಿಯಮ ಎರಡು: ಉಟ್ಟರೆ ಒಗೆಯಬೇಕಾಗುವುದರಿಂದ ಉಡತಕ್ಕದ್ದಲ್ಲ. ನಿಯಮ ಮೂರು: ಪ್ರತಿ ದಸರೆಗೆ ನೆರಳಿನಲ್ಲಿ ಹರವಿ, ಮಡಿಕೆ ಬದಲಿಸಿ, ಮೆತ್ತನೆಯ ಹತ್ತಿ ಸೀರೆಯಲ್ಲಿ ಸುತ್ತಿಡತಕ್ಕದ್ದು. ಹೀಗೆ ಸುತ್ತಿ ಸುತ್ತಿ ಈವರೆಗೆ ಹನ್ನೊಂದು ಹತ್ತಿ ಸೀರೆಗಳು ಹರಿದಿವೆ. ಅವುಗಳ ಸೇವೆಯನ್ನು ಸಮಿತಿ ಶ್ಲಾಘಿಸಿದೆ.

ಈ ವರ್ಷ ಚನ್ನನ ಮೊಮ್ಮಗಳು ಅಕ್ಷತಾಳ ಮದುವೆ ಬಳ್ಳಾರಿಯಲ್ಲಿ ಗೊತ್ತಾಯಿತು. ನನಗೆ ಎಪ್ಪತ್ತೈದು. ಒಂದೇ ಒಂದು ಸಲ ಉಡಬೇಕೆನಿಸಿತು. ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸಿದೆ.

"ಅಕ್ಕಾ, ನಿಯಮ ಎರಡು," ಅಂದ ಚನ್ನ ಫೋನಿನಲ್ಲಿ.

"ಲೇ, ಅದನ್ನ ಬರದಾಕಿ ನಾನ ಅದೀನಿ!"

"ಅದಕ್ಕ ನಿನಗ ಗೊತ್ತಿರಬೇಕಿತ್ತು. ಅಧ್ಯಕ್ಷರಿಗೆ ರಿಯಾಯ್ತಿ ಕೊಟ್ರ ನಾಳಿ ನನ್ನ ಹೆಂಡ್ತಿನೂ ಕೇಳ್ತಾಳ."

"ಒಂದು ತಾಸು ಉಡ್ತೀನೋ."

"ಬಳ್ಳಾರ್ಯಾಗ ಬೆವರಾಕ ತಾಸು ಬೇಕೇನಕ್ಕಾ?"

ಅರ್ಜಿ ತಿರಸ್ಕರಿಸುವ ಠರಾವು ಅಂಚೆಯಲ್ಲಿ ಸೂರತ್‌ಗೆ ಬಂತು. ಅಧ್ಯಕ್ಷೆಯಾಗಿ ನಾನೇ ಸಹಿ ಹಾಕಿದೆ. ಸೀರೆಯನ್ನು ವಿಶೇಷ ಆಹ್ವಾನಿತೆಯಾಗಿ ಕರೆಯಲು ಅದರಲ್ಲೇ ತೀರ್ಮಾನವಾಗಿತ್ತು.

ಮಂಟಪದ ಮೊದಲ ಸಾಲಿನಲ್ಲಿ ಸೀರೆಗೊಂದು ಕುರ್ಚಿ. ಪಕ್ಕದಲ್ಲಿ ನಾನು, ಇನ್ನೂರು ರೂಪಾಯಿಯ ಸೂರತ್ ಸೀರೆಯಲ್ಲಿ. ಇಪ್ಪತ್ತು ವರ್ಷದಿಂದ ಉಟ್ಟು ಒಗೆಯುತ್ತಿದ್ದೇನೆ, ಅದೂ ಹರಿಯಲು ಒಪ್ಪಿಲ್ಲ. ಆದರೆ ಅದರ ಬಾಳಿಕೆಯ ಬಗ್ಗೆ ಯಾರೂ ವಿಚಾರಿಸಿಲ್ಲ. ಬಂದವರೆಲ್ಲ ಇಳಕಲ್ ಸೀರೆಗೆ ಕೈಮುಗಿದರು. ಕಲೆಯಾದೀತೆಂದು ಅದರ ಪಾಲಿನ ಕುಂಕುಮವನ್ನು ನನ್ನ ಹಣೆಗೆ ಹಚ್ಚಿದರು. ಉಡಿಯಕ್ಕಿಯನ್ನೂ ನನ್ನ ಸೆರಗಿಗೇ ಸುರಿದರು.

ಫೋಟೋದವನು, "ಅಜ್ಜಿ, ಸ್ವಲ್ಪ ಸರೀರಿ. ಸೀರಿ ಕಾಣವಲ್ದು" ಅಂದ.

ಸರಿದೆ.

ಊಟವಾದ ಮೇಲೆ ಚನ್ನ ಸಮಿತಿಯ ಪುಸ್ತಕವನ್ನು ಮದುಮಗಳ ಕೈಗಿಟ್ಟ. ಇನ್ನು ಮುಂದೆ ಬರೆಯುವ ಕೆಲಸ ಅವಳದು.

"ಅಜ್ಜಿ, ಖರೇ ಹೇಳು," ಅಂದಳು ಅಕ್ಷತಾ. "ಅಷ್ಟು ತುಟ್ಟಿ ಕೊಟ್ಟಿದ್ದು ಸಾರ್ಥಕ ಆತಾ?"

"ಎಮ್ಮಿ ಸತ್ತು ಎಷ್ಟು ವರ್ಷಾತೋ. ಸೀರಿ ನೋಡು, ಹೊಸಾದ ಐತಿ."

"ನೀ ಶಿವನ ಪಾದ ಸೇರೋ ಮುಂದರ ಉಡಸ್ತೀವಿ ಬಿಡು."

ಕುರ್ಚಿಯತ್ತ ನೋಡಿದೆ. ಸೆರಗು ಫ್ಯಾನಿನ ಗಾಳಿಗೆ ಮಿನುಗುತ್ತಿತ್ತು.

"ಬ್ಯಾಡವ್ವ, ಮಣ್ಣು ಹತ್ತತೈತಿ. ನನಗ ಸೂರತ್ ಸೀರಿನ ಸಾಕು. ನಿಯಮ ನಾಲ್ಕು, ಬರಕೋ."